ವ್ಯಾನಿನ ಬೆಳಕಿಂಡಿಗೆ ಅರಿಶಿನದ ನೀರು

ಸರೋಜನ ಮನೆ

ನನ್ನ ತಂಗಿ ಸರೋಜ ಇಂಗ್ಲೆಂಡಿನಲ್ಲಿ ಒಗ್ಗರಣೆ ಹಾಕುವ ರೀತಿ ನೋಡಿ ನನಗೆ ಹೋದ ದಿನವೇ ಸಿಟ್ಟು ಬಂತು. ಹಿತ್ತಿಲ ಬಾಗಿಲು ತೆರೆದಳು. ಕಿಟಕಿಗಳನ್ನೆಲ್ಲ ತೆರೆದಳು. ಅಡಿಗೆಮನೆಯಿಂದ ನಡುಮನೆಗೆ ಹೋಗುವ ಬಾಗಿಲು ಮುಚ್ಚಿ, ಅದರ ಕೆಳಗಿನ ಸಂದಿಗೆ ಒದ್ದೆ ಟವಲು ತುರುಕಿದಳು. ಆಮೇಲೆ ಬಾಣಲೆಗೆ ಲೆಕ್ಕ ಮಾಡಿದ ಹಾಗೆ ನಾಲ್ಕು ಕಾಳು ಸಾಸಿವೆ.

"ಇದೇನೇ ಸರೋಜ, ಅಡಿಗೆ ಮಾಡ್ತಿದೀಯೋ ಕಳ್ಳತನ ಮಾಡ್ತಿದೀಯೋ?"

"ಮೆತ್ತಗೆ ಅಕ್ಕ. ಬ್ರೌನ್ ಅವ್ರು ಪಕ್ಕದಲ್ಲೇ ಇರೋದು."

ಬ್ರೌನ್ ಎಂದರೆ ಆ ಮನೆಯ ಮಾಲೀಕರು. ಒಂದೇ ಗೋಡೆಯ ಆಚೆ ಅವರು, ಈಚೆ ಸರೋಜ ಮತ್ತು ಅವಳ ಗಂಡ ನಾಗರಾಜು. ನಾಗರಾಜು ಕುಣಿಗಲ್ ಕಡೆಯವರು, ಇಂಗ್ಲೆಂಡಿನ ಆ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಎಂಬತ್ತರ ದಶಕ ಆಗಿನ್ನೂ ಶುರುವಾಗಿತ್ತು. ನಾನೂ ನಮ್ಮ ಯಜಮಾನರೂ ತುಮಕೂರಿನ ಮನೆಗೆ ಬೀಗ ಹಾಕಿ, ಗುಬ್ಬಿಯ ಅಣ್ಣನ ಮನೆಯಲ್ಲಿ ಬೀಗದ ಕೈ ಕೊಟ್ಟು, ಅಲ್ಲಿಯವರು ಬೇಸಿಗೆ ಎಂದು ಕರೆಯುವ ಮಳೆಗಾಲವನ್ನು ತಂಗಿಯ ಜೊತೆ ಕಳೆಯಲು ಹೋಗಿದ್ದೆವು. ಪೆಟ್ಟಿಗೆಯಲ್ಲಿ ನಮ್ಮ ಬಟ್ಟೆಗಿಂತ ಅವಳಿಗೆಂದು ಹೊತ್ತ ಸಾಮಾನೇ ಹೆಚ್ಚು. ಹಾಗಲವಾಡಿಯ ರಾಗಿ ಬೀಸಿಸಿದ ಹಿಟ್ಟು, ಮನೆಯಲ್ಲೇ ಕುಟ್ಟಿದ ಅರಿಶಿನ, ಸಾರಿನ ಪುಡಿ, ಹಪ್ಪಳ. ಇದನ್ನೆಲ್ಲ ಅಲ್ಲಿಗೆ ತಲುಪಿಸಿದ ಮೇಲೆ ಅವಳು ಉಪಯೋಗಿಸಲು ಹೆದರುತ್ತಾಳೆ ಎಂದರೆ ನನಗೆ ಹೇಗಾಗಬೇಡ.

ಹುರುಳಿಕಾಯಿ ನಾರು ತೆಗೆಯುತ್ತ ಸರೋಜ ಹೇಳಿದಳು: "ಈ ಮನೆ ಸಿಕ್ಕಿದ್ದೇ ಹೆಚ್ಚು ಕಣಕ್ಕ. ಫೋನಲ್ಲಿ ಖಾಲಿ ಇದೆ ಬನ್ನಿ ಅಂತಾರೆ. ಹೋಗಿ ಬೆಲ್ ಒತ್ತಿದ್ರೆ, ಅಯ್ಯೋ ಈಗ್ತಾನೇ ಹೋಯ್ತಲ್ಲ ಅಂತಾರೆ. ನಮ್ ಮುಖ ನೋಡ್ತಾನೇ ಮನೆ ಹೋಗ್ಬಿಡತ್ತೆ. ಬ್ರೌನ್ ಅವ್ರು ಹಂಗ್ ಮಾಡ್ಲಿಲ್ಲ. ಒಳಗೆ ಕರೆದು ಟೀ ಕೊಟ್ರು."

ತುಮಕೂರಿನಲ್ಲಿ ಜಾತಿ ಕೇಳಿ ಮನೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅವರು ಎದುರಿಗೇ ಕೇಳಿ, ಎದುರಿಗೇ ಆಗುವುದಿಲ್ಲ ಎನ್ನುತ್ತಾರೆ. ಅದೂ ಹೊಗಳುವ ಮಾತಲ್ಲ. ಆದರೆ ಈ ನಗುಮುಖದ "ಈಗ್ತಾನೇ ಹೋಯ್ತು" ನನಗೆ ಇನ್ನೂ ಕೆಟ್ಟದ್ದು ಅನ್ನಿಸಿತು. ಮನೆಯ ಕರಾರು ಮುಗಿಯುವುದಕ್ಕೆ ಹೆಚ್ಚು ಕಾಲ ಇರಲಿಲ್ಲ. ಬ್ರೌನ್ ಅವರು ಮುಂದುವರಿಸಲಿ ಎಂದು ಗಂಡ ಹೆಂಡತಿ ಇಬ್ಬರೂ ಬಾಗಿಲನ್ನು ಸಹ ಸದ್ದಾಗದಂತೆ ಮುಚ್ಚುತ್ತಿದ್ದರು.

ಇಂಥ ಬ್ರೌನ್ ಅವರು ಒಂದು ದಿನ ತಾವಾಗಿಯೇ ಬಂದು, ನಿಮ್ಮ ನೆಂಟರಿಗೆ ವೇಲ್ಸ್ ತೋರಿಸಿ, ನನ್ನ ವ್ಯಾನು ತೆಗೆದುಕೊಂಡು ಹೋಗಿ ಎಂದರು. ಒಳ್ಳೆಯ ಮನುಷ್ಯ ಎಂದೇ ಅಂದುಕೊಂಡೆ. ಆ ಮಾತನ್ನು ಈಗಲೂ ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಹೊರಟ ದಿನ

ಆ ವ್ಯಾನು ಒಂದು ಮನೆಯೇ. ಸೀಟನ್ನು ಮಡಚಿದರೆ ಹಾಸಿಗೆ, ಮೇಜನ್ನು ಇಳಿಸಿದರೆ ಇನ್ನೊಂದು ಹಾಸಿಗೆ. ಗ್ಯಾಸಿನ ಪುಟ್ಟ ಒಲೆ, ಅಂಗೈ ಅಗಲದ ಸಿಂಕು, ಪರದೆ ಕಟ್ಟಿದ ಕಿಟಕಿಗಳು. ಸೂರಿನ ನಡುವೆ ಒಂದು ಚೌಕದ ಬೆಳಕಿಂಡಿ, ನಮ್ಮ ಹಳೆಯ ಮನೆಗಳಲ್ಲಿ ಅಡಿಗೆಮನೆಗೆ ಗಾಜು ಕೂರಿಸಿರುತ್ತಾರಲ್ಲ, ಹಾಗೆ. ಇದಕ್ಕೆ ಮಾತ್ರ ಪ್ಲಾಸ್ಟಿಕ್ಕಿನ ಮುಚ್ಚಳ.

ನಮ್ಮ ಯಜಮಾನರು ಕುಣಿಗಲ್‌ನಲ್ಲಿ ನೀರಾವರಿ ಕಚೇರಿಯ ಗುಮಾಸ್ತರು. ಮಾರ್ಕೋನಹಳ್ಳಿ ಜಲಾಶಯದ ಕಾಗದಪತ್ರ ನೋಡಿ ನೋಡಿ, ಅಣೆಕಟ್ಟನ್ನು ತಾವೇ ಕಟ್ಟಿದ್ದು ಎನ್ನುವ ಮಟ್ಟಕ್ಕೆ ಬಂದಿದ್ದಾರೆ. ವ್ಯಾನಿನೊಳಗೆ ಕಾಲಿಟ್ಟು ತಲೆ ಎತ್ತಿದವರೇ ಹೇಳಿದರು.

"ಸೂರಿನ ಮಧ್ಯ ತೂತು ಮಾಡಿದಾನೆ ಪುಣ್ಯಾತ್ಮ. ಇದು ಸೋರತ್ತೆ."

"ಬಾಯ್ಬಿಟ್ಟು ಅನ್ಬೇಡಿ ಅಣ್ಣ. ಇಲ್ಲೆಲ್ಲ ಪಕ್ಕಾ ಕೆಲ್ಸ," ಎಂದರು ನಾಗರಾಜು.

ದಾರಿಯಲ್ಲಿ ನನಗೆ ಬೆಟ್ಟಗಳಿಗಿಂತ ಹೆಚ್ಚಾಗಿ ಕಂಡದ್ದು ಅಲ್ಲಿಯವರ ಮೌನ. ತುಮಕೂರಿನಿಂದ ಗುಬ್ಬಿ ಬಸ್ಸು ಹತ್ತಿದರೆ ನಿಟ್ಟೂರು ತನಕ ಹೋಗುವವರ ಮನೆಯ ಸಮಾಚಾರವೆಲ್ಲ ಗುಬ್ಬಿ ಬರುವುದರೊಳಗೆ ಕಿವಿಗೆ ಬಿದ್ದಿರುತ್ತದೆ. ಇಲ್ಲಿ ಹೋಟೆಲಿನಲ್ಲಿ ಪಕ್ಕದ ಮೇಜಿನವರು ಗಂಡ ಹೆಂಡತಿಯೇ ಹೌದೋ ಅಲ್ಲವೋ ತಿಳಿಯಲಿಲ್ಲ, ಅಷ್ಟು ಹೊತ್ತು ಎದುರುಬದುರು ಕೂತು ಒಂದು ಮಾತಿಲ್ಲ. ಇನ್ನೊಂದು ನನಗೆ ಇವತ್ತಿಗೂ ಒಗ್ಗಿಲ್ಲ. ವ್ಯಾನು ನಿಲ್ಲಿಸುವ ಮೈದಾನಗಳಲ್ಲಿ ಎಲ್ಲರಿಗೂ ಸೇರಿ ಪಾತ್ರೆ ತೊಳೆಯುವ ಒಂದು ತೊಟ್ಟಿ ಇರುತ್ತದೆ. ಅಲ್ಲಿ ಜನ ತಟ್ಟೆಯನ್ನು ಸೋಪಿನ ನೊರೆಯಲ್ಲಿ ಅದ್ದಿ, ನೊರೆ ಸಮೇತ ಎತ್ತಿ, ಬಟ್ಟೆಯಲ್ಲಿ ಒರೆಸಿ ಒಳಗಿಡುತ್ತಾರೆ. ಒಳ್ಳೆ ನೀರಲ್ಲಿ ಜಾಲಿಸುವುದೇ ಇಲ್ಲ. ನಾನು ಜಾಲಿಸುತ್ತಿದ್ದರೆ ಒಬ್ಬ ಹೆಂಗಸು ಕರುಣೆಯಿಂದ ನೋಡಿದಳು, ಪಾಪ ಇವಳಿಗೆ ಪಾತ್ರೆ ತೊಳೆಯಲು ಗೊತ್ತಿಲ್ಲ ಎನ್ನುವ ಹಾಗೆ.

ಸಂಜೆ ಬೆಟ್ಟದ ಬುಡದ ಒಂದು ಮೈದಾನದಲ್ಲಿ ನಿಲ್ಲಿಸಿದೆವು. ಅನ್ನ, ಬೇಳೆಸಾರು ಮಾಡಿದೆ. ಮಳೆ ಶುರುವಾಯಿತು. ಅಬ್ಬರವಿಲ್ಲದ, ಆದರೆ ಬಿಡುವ ಇರಾದೆಯೂ ಇಲ್ಲದ ಮಳೆ. ಬೆಳಗಿನ ಜಾವ ಯಜಮಾನರು ಎದ್ದು ಕೂತು ಹಣೆ ಮುಟ್ಟಿಕೊಂಡರು.

"ಏನ್ರೀ?"

"ಏನಿಲ್ಲ. ಅಭಿಷೇಕ."

ಬೆಳಕಿಂಡಿಯಿಂದ ಒಂದು ಮೊಳ ಆಚೆ, ಒಳಸೂರಿಗೆ ಹೊದಿಸಿದ್ದ ಕೆನೆಬಣ್ಣದ ಹಲಗೆಯ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರ ದಿಂಬು, ನನ್ನ ಶಾಲು, ಹಾಸಿಗೆಯ ಕಾಲು ಭಾಗ ಒದ್ದೆ.

ಕೆಂಪು ಫೋನ್ ಡಬ್ಬಿಯ ಹತ್ತಿರ

ಬೆಳಿಗ್ಗೆ ನಾಗರಾಜು ರಸ್ತೆಬದಿಯ ಫೋನ್ ಡಬ್ಬಿಯಿಂದ ಬ್ರೌನ್ ಅವರಿಗೆ ಫೋನ್ ಮಾಡಿದರು. ನಾವು ಮೂವರೂ ಹೊರಗೆ ಕೊಡೆ ಹಿಡಿದು ಗಾಜಿನಿಂದ ಅವರ ಮುಖ ನೋಡುತ್ತ ನಿಂತೆವು. ಮೊದಲು ಮಾತಾಡಿದರು. ಆಮೇಲೆ ಬರೀ ತಲೆ ಆಡಿಸಿದರು. ಕೊನೆಗೆ, ಆಚೆಯವರಿಗೆ ಕಾಣುತ್ತದೋ ಎಂಬಂತೆ, ಸೊಂಟ ಬಗ್ಗಿಸಿದರು. ಆ ಸೊಂಟ ಬಗ್ಗಿದ್ದು ನೋಡಿ ಏನೋ ಕೆಟ್ಟದ್ದೇ ಎಂದು ನನಗೆ ಗೊತ್ತಾಯಿತು.

"ಸೋರ್ತಿಲ್ವಂತೆ," ಎಂದರು ಹೊರಗೆ ಬಂದು.

"ಏನು ಸೋರ್ತಿಲ್ವಂತೆ? ಇವ್ರ ದಿಂಬು ಹಿಂಡಿದ್ರೆ ಒಂದು ಚೊಂಬು ನೀರು ಬರತ್ತೆ."

"ಅದು ಕಂಡೆನ್ಸೇಷನ್ ಅಂತೆ ಅತ್ತಿಗೆ. ನಾವು ಅನ್ನ ಬೇಯಿಸ್ತೀವಲ್ಲ, ಆ ಹಬೆ ತಣ್ಣಗಿನ ಸೂರಿಗೆ ತಾಗಿ ನೀರಾಗತ್ತಂತೆ. ನಿಮ್ಮ ಜನ ತುಂಬ ಕುದಿಸ್ತಾರೆ ಅಂದ್ರು."

ಆ ಪದವನ್ನು ನಾನು ಅವತ್ತು ಮೊದಲ ಸಲ ಕೇಳಿದ್ದು. ಕಂಡೆನ್ಸೇಷನ್. ನಾಲಿಗೆಗೆ ಒಗ್ಗದ ಪದ, ಆದರೆ ಅದರ ಅರ್ಥ ತಕ್ಷಣ ತಿಳಿಯಿತು. ತಪ್ಪು ಸೂರಿನದಲ್ಲ, ನಮ್ಮ ಪಾತ್ರೆಯದು.

"ಇನ್ನೇನಂದ್ರು?" ಎಂದು ಕೇಳಿದವಳು ಸರೋಜ. ಅವಳಿಗೆ ಗಂಡನ ಮುಖದಲ್ಲಿ ಇನ್ನೂ ಏನೋ ಉಳಿದಿರುವುದು ಕಂಡಿತ್ತು.

ನಾಗರಾಜು ಕೊಡೆಯನ್ನು ಸುಮ್ಮನೆ ಬಿಚ್ಚಿದರು, ಮುಚ್ಚಿದರು. "ಮನೇಲೂ ಅಡಿಗೆಮನೆ ಗೋಡೆಗೆ ಅಂಟಿಸಿರೋ ಬಣ್ಣದ ಕಾಗದ ಏಳ್ತಾ ಇದೆಯಂತೆ. ಅದೂ ಇದೇ ಕಾರಣ ಇರ್ಬೇಕು ಅಂದ್ರು. ವ್ಯಾನಿನ ವಿಷಯ ಹಿಂಗೇ ಅಂತ ಆದ್ರೆ, ಕರಾರು ಮುಂದುವರಿಸೋದು ಕಷ್ಟ ಅಂದ್ರು. ಶನಿವಾರ ಅವ್ರು ಮೀನು ಹಿಡಿಯೋಕೆ ನಾವ್ ಹೋಗೋ ಸಮುದ್ರದ ಕಡೇನೇ ಬರ್ತಾರಂತೆ. ಬಂದು ನೋಡ್ತಾರಂತೆ. ಅಲ್ಲೀವರ್ಗೂ ಏನೂ ಕುದಿಸ್ಬೇಡಿ ಅಂದಿದಾರೆ."

"ನೀವೇನಂದ್ರಿ?"

"ಆಗ್ಲಿ ಅಂದೆ."

ಸರೋಜ ಕೊಡೆ ಹಿಡಿದು ವ್ಯಾನಿನ ಕಡೆ ನಡೆದಳು. ನಾನು ಹೇಳಿದೆ. ಹಬೆ ಅನ್ನುವುದು ಅನ್ನದ ಪಾತ್ರೆಯ ಮೇಲೆ ಮುಚ್ಚಿದ ತಟ್ಟೆಯಲ್ಲಿ ಹೇಗೆ ಹನಿಯುತ್ತದೆ ಎಂದು ದಿನಾ ಒಲೆ ಮುಂದೆ ನಿಂತವಳಿಗೆ ಇವರು ಹೇಳಿಕೊಡಬೇಕೇ. ಹಬೆ ಎಲ್ಲ ಕಡೆ ಕೂರುತ್ತದೆ, ಒಂದೇ ಮೂಲೆ ಹುಡುಕಿಕೊಂಡು ಹೋಗಿ ತೊಟ್ಟಿಕ್ಕುವುದಿಲ್ಲ. ಇದನ್ನು ನಾಗರಾಜು ಕೇಳಿಸಿಕೊಂಡು, "ನೀವ್ ಹೇಳೋದು ಸರಿ ಅತ್ತಿಗೆ, ಆದ್ರೆ ಅವ್ರು ಓನರ್ರು," ಎಂದರು. ಡಾಕ್ಟರಿಕೆ ಓದಿದವರ ಬಾಯಲ್ಲಿ ಬಂದ ಮಾತು ಇದು.

ಸಮುದ್ರದ ದಂಡೆ

ಹಾಗಾಗಿ ಆ ವಾರ ನಾವು ಬ್ರೆಡ್ ತಿಂದೆವು. ಬ್ರೆಡ್ಡಿಗೆ ಬೆಣ್ಣೆ, ಬ್ರೆಡ್ಡಿಗೆ ಸೌತೆಕಾಯಿ, ಬ್ರೆಡ್ಡಿಗೆ ಖಾರ ಇಲ್ಲದ ಉಪ್ಪಿನಕಾಯಿ. ನಮ್ಮಲ್ಲಿ ಬ್ರೆಡ್ ಎಂದರೆ ಜ್ವರ ಬಂದವರಿಗೆ ತರುವುದು. ಮೂರು ಹೊತ್ತೂ ಅದನ್ನೇ ತಿಂದು ನಮ್ಮ ಯಜಮಾನರ ಮುಖ ನಿಜವಾಗಿಯೂ ಜ್ವರ ಬಂದವರ ಹಾಗೆ ಆಯಿತು. ಪಕ್ಕದ ವ್ಯಾನಿನ ದಂಪತಿಗಳು ಅದೇ ಬ್ರೆಡ್ಡನ್ನು ಖುಷಿಯಿಂದ ತಿಂದು, ಮಡಚುವ ಕುರ್ಚಿಗಳಲ್ಲಿ ಮಳೆಯಲ್ಲೇ ಕೂತು, ಬೂದು ಬಣ್ಣದ ಸಮುದ್ರವನ್ನು ನೋಡುತ್ತಿದ್ದರು. ಅವರ ನಾಯಿ ಅವರ ಹಾಸಿಗೆಯ ಮೇಲೆ, ಅವರದೇ ಹೊದಿಕೆಯೊಳಗೆ. ನಾಯಿಯ ಉಸಿರಿಗೆ ಕಂಡೆನ್ಸೇಷನ್ ಇಲ್ಲವೋ ಏನೋ.

ಒಲೆ ಹಚ್ಚಲಿಲ್ಲ. ಟೀ ಕೂಡ ಮೈದಾನದ ಅಂಗಡಿಯಿಂದ ತಂದೆವು. ಆದರೂ ಮಳೆ ಬಂದಾಗೆಲ್ಲ ಅದೇ ಮೂಲೆ ತೊಟ್ಟಿಕ್ಕಿತು. ಮಳೆ ನಿಂತರೆ ನಿಂತಿತು.

"ನೋಡಿದ್ರಾ?" ಎಂದೆ ನಾಗರಾಜುವಿಗೆ.

"ನೋಡ್ದೆ ಅತ್ತಿಗೆ. ಆದ್ರೆ ಶನಿವಾರ ಮಳೆ ಇರ್ದಿದ್ರೆ? ಅವ್ರು ಬಂದು ಒಣಗಿರೋ ಸೂರು ನೋಡಿ, ನೋಡಿ ಕುದಿಸೋದು ಬಿಟ್ರಿ, ಸರಿ ಹೋಯ್ತು ಅಂತಾರೆ."

ಹವಾಮಾನದವರು ಶನಿವಾರ ಬಿಸಿಲು ಎಂದು ಹೇಳಿದ್ದರು. ಉತ್ತರ ಸಿಕ್ಕಿದ್ದು ಯಜಮಾನರಿಗೆ. ಮೈದಾನದವರ ಏಣಿ ಇಸಿದುಕೊಂಡು ಹತ್ತಿ, ಬೆಳಕಿಂಡಿಯ ಚೌಕಟ್ಟಿನ ಸುತ್ತ ಬೆರಳಾಡಿಸಿದರು. ಚೌಕಟ್ಟಿಗೂ ಸೂರಿಗೂ ನಡುವಿನ ಸಂದಿಗೆ ರಬ್ಬರಿನಂಥ ಬಿಳಿ ಮೇಣ ತುಂಬಿತ್ತು. ಸೀಲೆಂಟ್ ಅನ್ನುತ್ತಾರೆ. ಅದು ಅಂಬಲಿ ಪಾತ್ರೆಯ ಅಂಚಿನಲ್ಲಿ ಒಣಗಿದ ಹಿಟ್ಟಿನ ಹಾಗೆ ಹಕ್ಕಳೆ ಎದ್ದು, ಉದ್ದಕ್ಕೂ ಸೀಳಿತ್ತು.

"ಡಾಕ್ಟ್ರೇ, ನಮ್ಮೂರಲ್ಲಿ ಹೊಸ ಆರ್‌ಸಿಸಿ ಹಾಕಿದ್ರೆ ಏನ್ ಮಾಡ್ತಾರೆ? ಅಂಚು ಕಟ್ಟಿ ನೀರು ನಿಲ್ಸಿ ನೋಡ್ತಾರೆ. ಇಲ್ಲೂ ಅಷ್ಟೇ. ಮಳೆ ಬರೋವರ್ಗೂ ಯಾಕೆ ಕಾಯ್ಬೇಕು? ನಾವೇ ಕಟ್ಟೆ ಕಟ್ಟಿ ನೀರು ಬಿಡಾಣ."

"ಯಾತರಲ್ಲಿ ಕಟ್ತೀರಾ ಭಾವ? ಇಲ್ಲಿರೋದು ಬರೀ ಮರಳು," ಎಂದಳು ಸರೋಜ.

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಅರ್ಥವಾಗುವ ಮೊದಲೇ ಅವರಿಗೆ ಅರ್ಥವಾಗಿತ್ತು.

"ಬೇಡ," ಎಂದೆ. "ನನ್ನ ರಾಗಿ ಹಿಟ್ಟು ಕೊಡಲ್ಲ."

"ಒಂದೇ ಒಂದು ಮುದ್ದೆ ಕಣೇ."

"ಹಸೀ ಹಿಟ್ಟು ಅಂಟಲ್ಲ. ಎಸರಿಟ್ಟು ತಿರುವ್ಬೇಕು. ಕುದಿಸ್ಬೇಡಿ ಅಂದಿದಾರಲ್ಲ ನಿಮ್ಮ ಬ್ರೌನು."

"ವ್ಯಾನೊಳಗೆ ಕುದಿಸ್ಬೇಡಿ ಅಂದಿದಾರೆ. ಸಮುದ್ರದ ದಂಡೇಲಿ ಕುದಿಸ್ಬೇಡಿ ಅಂದಿಲ್ಲ."

ಶುಕ್ರವಾರ ಮಧ್ಯಾಹ್ನ ಒಲೆಯನ್ನು ಬಿಚ್ಚಿ ಹೊರಗೆ ತಂದು, ಗಾಳಿಗೆ ಸೀರೆ ಸೆರಗು ಸಿಕ್ಕಿಸಿಕೊಂಡು, ಮುದ್ದೆ ತಿರುವಿದೆ. ಕೋಲು ಇರಲಿಲ್ಲ, ಮುರಿದ ಗೂಟದ ತುಂಡೊಂದನ್ನು ತೊಳೆದು ಅದರಲ್ಲೇ ತಿರುವಿದೆ. ಆ ಘಮಕ್ಕೆ ನಮ್ಮ ನಾಲ್ವರ ಬಾಯಲ್ಲೂ ನೀರು. ಬ್ರೆಡ್ ತಿಂದು ತಿಂದು ಸತ್ತ ನಾಲಿಗೆಗಳು. ಅಂಥ ಬಿಸಿ ಮುದ್ದೆಯನ್ನು ಯಜಮಾನರು ತಟ್ಟೆಯಲ್ಲಿಟ್ಟುಕೊಂಡು ಏಣಿ ಹತ್ತಿ, ಬಳೆಯ ಹಾಗೆ ಹೊಸೆದು ಬೆಳಕಿಂಡಿಯ ಸುತ್ತ ಕಟ್ಟೆ ಕಟ್ಟಿದರು. ಮಾರ್ಕೋನಹಳ್ಳಿಯ ಮಾತೆಲ್ಲ ಆ ಏಣಿಯ ಮೇಲಿಂದ ಬಂತು. ಒತ್ತಡ ಎಲ್ಲಿ ಬೀಳುತ್ತದೆ, ಕೋಡಿ ಎಲ್ಲಿರಬೇಕು ಎಂದೆಲ್ಲ.

ನೀರು ಹೊಯ್ಯಲು ಚೊಂಬು ತರುವುದಕ್ಕೆ ಅವರು ಇಳಿದರು. ಅಷ್ಟೇ. ಕಡಲಹಕ್ಕಿಗಳು ಎಲ್ಲಿದ್ದವೋ, ಒಂದು ಬಂತು, ಹಿಂದೆಯೇ ಹಿಂಡು ಬಂತು. ಬಾತುಕೋಳಿಯಷ್ಟು ದಪ್ಪದ, ಹಳದಿ ಕೊಕ್ಕಿನ, ಮನುಷ್ಯರೆಂದರೆ ಲಕ್ಷ್ಯವೇ ಇಲ್ಲದ ಹಕ್ಕಿಗಳು. ಕಟ್ಟೆಯನ್ನು ಒಂದು ಚೂರೂ ಬಿಡದೆ ತಿಂದವು. ಹಾಗಲವಾಡಿಯ ಹೊಲದಲ್ಲಿ ಬೆಳೆದು, ವಿಮಾನ ಹತ್ತಿ ಬಂದು, ನಮ್ಮ ಬಾಯಿಗೆ ಬೀಳದ ರಾಗಿ, ವೇಲ್ಸಿನ ಹಕ್ಕಿಗಳ ಹೊಟ್ಟೆ ಸೇರಿತು. ಪಕ್ಕದ ವ್ಯಾನಿನ ದಂಪತಿಗಳು ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ಹಕ್ಕಿಗಳಿಗೆ ಊಟ ಹಾಕುವ ನಮ್ಮ ದೇಶದ ಯಾವುದೋ ಆಚಾರ ಎಂದುಕೊಂಡರಂತೆ. ನಾಗರಾಜು ಅಲ್ಲವೆಂದು ಹೇಳುವ ಬದಲು ಹೌದೆಂದು ತಲೆ ಆಡಿಸಿ ಬಂದರು.

ಅವತ್ತು ಉಳಿದ ಹಿಟ್ಟಿಗೆ ಮುದ್ದೆ ತಿರುವಿ ನಾಲ್ವರಿಗೂ ಬಡಿಸಿ, ಮಾರನೆ ದಿನಕ್ಕೆಂದು ಒಂದು ಹಿಡಿ ಹಿಟ್ಟು ಎತ್ತಿಟ್ಟೆ.

ಶನಿವಾರ

ಬಿಸಿಲು ಬಂತು. ಬೇಕಿಲ್ಲದ ದಿನ ಎಷ್ಟು ಚೆನ್ನಾಗಿ ಬರುತ್ತದೆ ಅಲ್ಲಿಯ ಬಿಸಿಲು. ವ್ಯಾನಿನ ಒಳಸೂರು ಬೂದಿಯ ಹಾಗೆ ಒಣಗಿತ್ತು.

ಕಟ್ಟೆ ಮತ್ತೆ ಕಟ್ಟಿದೆವು. ಈ ಸಲ ಸರೋಜ ಏಣಿಯ ಮೇಲೆ ನಿಂತು ಬಿಚ್ಚಿದ ಕೊಡೆಯನ್ನು ಅದರ ಮೇಲೆ ಆಡಿಸುತ್ತ ಹಕ್ಕಿ ಕಾದಳು. ಯಜಮಾನರು ಒಂದು ಕುರ್ಚಿಯ ಮೇಲೆ ನಿಂತು ಚೊಂಬು ಎತ್ತಿದಾಗ ನಾನು ತಡೆದೆ.

"ಇರಿ. ಬರೀ ನೀರು ಹೊಯ್ದು ಅದು ಒಳಗೆ ಬಂದ್ರೂ, ಇದು ಹಳೇ ಹಬೆ, ಈಗ ಇಳೀತಾ ಇದೆ ಅನ್ನೋ ಜನ."

ಅರಿಶಿನದ ಡಬ್ಬಿ ತೆಗೆದು ಚೊಂಬಿಗೆ ಒಂದು ದೊಡ್ಡ ಚಮಚ ಕದಡಿದೆ. ಮನೆಯಲ್ಲಿ ಕುಟ್ಟಿದ ಅರಿಶಿನ, ಕಡು ಹಳದಿ. ಯಜಮಾನರು ನನ್ನನ್ನೊಮ್ಮೆ ನೋಡಿ, ಚೊಂಬನ್ನೊಮ್ಮೆ ನೋಡಿ, "ಹಬೆ ಹಳದಿ ಇರಲ್ಲ," ಎಂದರು. ಮದುವೆಯಾದ ಇಷ್ಟು ವರ್ಷಕ್ಕೆ ಅವರು ನನ್ನನ್ನು ಹೊಗಳಿದ್ದು ಅಂತ ಇದ್ದರೆ ಅದೇ.

ಬ್ರೌನ್ ಅವರು ತಮ್ಮ ಕಾರಿನಿಂದ ಇಳಿದದ್ದು ಸರಿಯಾಗಿ ಆ ಹೊತ್ತಿಗೆ. ಮೊಣಕಾಲುದ್ದದ ರಬ್ಬರು ಬೂಟು, ಮೀನುಗಾಳದ ಚೀಲ. ಅವರಿಗೆ ಕಂಡದ್ದು ಏನು ಎಂದು ನೆನೆಸಿಕೊಂಡರೆ ಈಗಲೂ ನನಗೆ ಸ್ವಲ್ಪ ಮುಜುಗರವೇ. ಬಿಸಿಲಿನಲ್ಲಿ ಕೊಡೆ ಆಡಿಸುವ ಒಬ್ಬ ಹೆಂಗಸು, ತಮ್ಮ ವ್ಯಾನಿನ ನೆತ್ತಿಯ ಮೇಲೆ ಕಂದು ಬಣ್ಣದ ಹಿಟ್ಟಿನ ಬಳೆ, ಅದರೊಳಕ್ಕೆ ಹಳದಿ ನೀರು ಸುರಿಯುತ್ತಿರುವ ಪಂಚೆ ಉಟ್ಟ ಗಂಡಸು. ಅವರ ಬಾಯಿ ತೆರೆದುಕೊಂಡಿತು.

"ನಾಗರಾಜು," ಎಂದು ಇಂಗ್ಲಿಷಿನಲ್ಲಿ ಶಾಂತವಾಗಿ ಕೇಳಿದರು, "ಇದು ಪೂಜೆಯೇ?"

ನಾಗರಾಜು ಉತ್ತರ ಹುಡುಕುತ್ತಿರುವಾಗ ನಾನು ವ್ಯಾನಿನ ಬಾಗಿಲು ತೆರೆದು, ಒಳಗೆ ಬನ್ನಿ ಎಂದು ಕೈ ತೋರಿಸಿದೆ. ನನಗೆ ಬರುವ ಇಂಗ್ಲಿಷಿನಲ್ಲಿ, "ನೋ ಕುಕಿಂಗ್. ನೋ ರೇನ್. ಸಿಟ್," ಎಂದೆ. ಅವರು ಬೂಟು ಕಳಚಿ ಒಳಗೆ ಬಂದು, ಯಜಮಾನರು ಮಲಗುತ್ತಿದ್ದ ಜಾಗದಲ್ಲೇ ಕೂತರು. ಎದುರಿಗೆ ನಾನು. ಇಬ್ಬರೂ ಮೇಲೆ ನೋಡುತ್ತ ಕೂತೆವು. ಹೊರಗೆ ಸರೋಜ ಹಕ್ಕಿಗೆ ಗದರಿಸುವ ಸದ್ದು.

ತುಂಬ ಹೊತ್ತು ಏನೂ ಆಗಲಿಲ್ಲ. ಬ್ರೌನ್ ಅವರು ಕೈಗಡಿಯಾರ ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ನಾಗರಾಜುವಿನ ಮುಖ ಸಣ್ಣಗಾಗುತ್ತ ಬಂತು. ನಾನೇ ತಪ್ಪಿದ್ದರೆ, ಸರೋಜನ ಮನೆ ಹೋಗುವುದು ನನ್ನ ಮುದ್ದೆಯಿಂದ, ನನ್ನ ಅರಿಶಿನದಿಂದ.

ಆಮೇಲೆ ಒಳಸೂರಿನ ಆ ಮೂಲೆಯಲ್ಲಿ, ಬೆಳಕಿಂಡಿಯಿಂದ ಒಂದು ಮೊಳ ಆಚೆ, ಕೆನೆಬಣ್ಣದ ಹಲಗೆಯ ಅಂಚು ಸ್ವಲ್ಪ ಮಿನುಗಿತು. ಒಂದು ಹನಿ ಕೂಡಿಕೊಂಡಿತು, ತೂಗಿತು, ಬ್ರೌನ್ ಅವರ ಬಿಳಿ ಅಂಗಿಯ ಭುಜದ ಮೇಲೆ ಬಿತ್ತು. ಹಳದಿ. ಅದರ ಹಿಂದೆ ಇನ್ನೊಂದು.

ಅವರು ಭುಜ ನೋಡಿಕೊಂಡರು. ಬೆರಳಿಂದ ಮುಟ್ಟಿ ಮೂಸಿದರು. ಎದ್ದು ಹೊರಗೆ ಹೋಗಿ, ಸರೋಜನನ್ನು ಇಳಿಯಲು ಹೇಳಿ, ತಾವೇ ಏಣಿ ಹತ್ತಿದರು. ಚೌಕಟ್ಟಿನ ಸುತ್ತ ಬೆರಳಾಡಿಸಿದಾಗ ಹಳೆಯ ಸೀಲೆಂಟಿನ ಒಂದು ಗೇಣುದ್ದದ ಚೂರು ಅವರ ಕೈಗೇ ಬಂತು. ಅದನ್ನು ಬಹಳ ಹೊತ್ತು ನೋಡಿ, ಇಳಿದು ಬಂದು, ನೇರವಾಗಿ ನಾಗರಾಜುವಿನ ಹತ್ತಿರ ಹೋಗಿ ಕೈ ಕುಲುಕಿದರು.

"ಕ್ಷಮಿಸಿ, ಡಾಕ್ಟರ್. ನನ್ನ ತಪ್ಪು. ಇದು ಸೂರಿನದೇ. ಮನೆಯ ವಿಷಯ ಮರೆತುಬಿಡಿ, ಕರಾರು ಮುಂದುವರಿಸೋಣ," ಎಂದರು.

ನಾಗರಾಜು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯಜಮಾನರು ಪಂಚೆ ಸರಿಮಾಡಿಕೊಂಡು ತಾವೂ ಕೈ ಕೊಟ್ಟರು. ಗಂಡಸರು ಮೂವರೂ ನಕ್ಕರು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾಕೆಂದು ಆಗ ಹೊಳೆಯಲೂ ಇಲ್ಲ. ಸರೋಜ ಕೊಡೆ ಮಡಚಿ, ಅದರ ಗುಂಡಿ ಹಾಕಿ, ಒಳಗೆ ಹೋದಳು.

ಭಾನುವಾರ

ರಿಪೇರಿ ಮಾಡಿದ್ದು ಬ್ರೌನ್ ಅವರೇ. ಅಲ್ಲಿ ಇಂಥದಕ್ಕೆಲ್ಲ ಆಳು ಕರೆಯುವುದಿಲ್ಲ. ತುಮಕೂರಿನಲ್ಲಿ ಮಾಳಿಗೆ ಸೋರಿದರೆ ಒಬ್ಬ ಗಾರೆಯವನು ಬರುತ್ತಾನೆ, ಅವನಿಗೆ ಸಲಹೆ ಕೊಡಲು ಬೀದಿಯೇ ಬರುತ್ತದೆ. ಒಬ್ಬರು ಸಿಮೆಂಟು ಎಂದರೆ ಇನ್ನೊಬ್ಬರು ಡಾಂಬರು ಎನ್ನುತ್ತಾರೆ, ಕೊನೆಗೆ ಎರಡನ್ನೂ ಬಳಿದು ಮುಂದಿನ ಮಳೆಗೆ ಮತ್ತೆ ಅವನನ್ನೇ ಕರೆಯುತ್ತೇವೆ. ಬ್ರೌನ್ ಅವರು ಯಾರನ್ನೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಪಾತ್ರೆಯ ಬುಟ್ಟಿಯಿಂದ ನನ್ನ ದೋಸೆ ಮಗುಚುವ ಸಟ್ಟುಗ ಎತ್ತಿಕೊಂಡು ಏಣಿ ಹತ್ತಿ, ಹಳೆಯ ಸೀಲೆಂಟನ್ನು ಅದರಲ್ಲೇ ಕೆರೆದರು.

"ಏನ್ರೀ ಅದು, ನನ್ನ ಸಟ್ಟುಗ," ಎಂದೆ.

"ಬುಡು, ಒಳ್ಳೇ ಕೆಲ್ಸ ಮಾಡ್ತವ್ನೆ," ಎಂದರು ಯಜಮಾನರು, ಕುಣಿಗಲ್ ಭಾಷೆಯಲ್ಲಿ, ಅವರಿಗೆ ತಿಳಿಯುವುದಿಲ್ಲವೆಂದು.

ಒಳ್ಳೆಯ ಕೆಲಸವೇ, ಅದನ್ನು ಒಪ್ಪುತ್ತೇನೆ. ಕೆರೆದ ಮೇಲೆ ಸಂದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಲು ಬಿಟ್ಟರು. ಸಂದಿಯ ಎರಡೂ ಬದಿಗೆ ಕಾಗದದ ಟೇಪು ಅಂಟಿಸಿದರು. ಪಿಸ್ತೂಲಿನಂಥ ಒಂದು ಸಾಧನದಲ್ಲಿ ಕೊಳವೆ ಕೂರಿಸಿ, ಕೈ ಎತ್ತದೆ ನಾಲ್ಕೂ ಬದಿಗೆ ಒಂದೇ ಎಳೆಯಾಗಿ ಹೊಸ ಸೀಲೆಂಟು ಎಳೆದರು, ನಮ್ಮ ಚಕ್ಕುಲಿ ಒರಳಿನಿಂದ ಹಿಟ್ಟು ಇಳಿಯುವ ಹಾಗೆ. ಸೋಪಿನ ನೀರಲ್ಲಿ ಬೆರಳು ಅದ್ದಿ ಅದರ ಮೇಲೆ ಸವರಿ, ಹಸಿ ಇರುವಾಗಲೇ ಟೇಪು ಕಿತ್ತರು. ಗೆರೆ ಹೊಡೆದಂತೆ ನೇರ. ಹಳೆಯದು ಒಂದು ಚೂರೂ ಉಳಿಯಬಾರದು, ಅದರ ಮೇಲೆ ಬಳಿದರೆ ಹೊಸದೂ ಏಳುತ್ತದೆ ಎಂದು ಯಜಮಾನರಿಗೆ ವಿವರಿಸಿದರು. ಒಂದು ದಿನ ಮುಟ್ಟಬೇಡಿ ಎಂದರು.

ಎಲ್ಲ ಮುಗಿದ ಮೇಲೆ ಒಳಗೆ ಬಂದು, ಕೆನೆಬಣ್ಣದ ಹಲಗೆಯ ಮೇಲಿನ ಅರಿಶಿನದ ಕಲೆ ತೋರಿಸಿ, ಇದು ಹೋಗುತ್ತದೆಯೇ ಎಂದು ನಾಗರಾಜುವನ್ನು ಕೇಳಿದರು. ಅರಿಶಿನದ ಬಗ್ಗೆ ನಾಗರಾಜುವಿಗೆ ಏನು ಗೊತ್ತು. ಅವರು ನನ್ನನ್ನು ಕೇಳಿದರು. ಬಿಸಿಲು ತಾಗಿದರೆ ತಾನಾಗಿ ಹೋಗುತ್ತದೆ ಎಂದೆ. ಅವರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಬ್ರೌನ್ ಅವರು ನಾಗರಾಜುವಿಗೆ ಥ್ಯಾಂಕ್ಸ್ ಎಂದರು.

ಆಗ ನನಗೆ ಹೊಳೆಯಿತು, ಶನಿವಾರದಿಂದ ಚುಚ್ಚುತ್ತಿದ್ದದ್ದು ಯಾವುದು ಅಂತ. ಸರೋಜನ ಕಡೆ ನೋಡಿದೆ. ಅವಳು ಅಕ್ಕಿ ತೊಳೆಯುತ್ತಿದ್ದಳು. ನನ್ನ ಮುಖ ನೋಡಿ, "ಗೊತ್ತು ಅಕ್ಕ," ಎಂದಳು ಅಷ್ಟೇ.

ಮತ್ತೆ ಸರೋಜನ ಮನೆ

ನಾವು ಹಿಂತಿರುಗಿದ ಮೇಲೆ ಕರಾರಿಗೆ ರುಜು ಹಾಕುವುದೊಂದೇ ಬಾಕಿ. ನಾಗರಾಜು ಒಳ್ಳೆಯ ಪೆನ್ನು ತೆಗೆದಿಟ್ಟಿದ್ದರು. ಸರೋಜ ಎರಡು ದಿನ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಬಂದಳು. ಮೂರನೆಯ ದಿನ ಊಟಕ್ಕೆ ಕೂತಾಗ, ಊರಿನ ಆ ತುದಿಯಲ್ಲಿ ಗುಜರಾತಿಯವರ ದಿನಸಿ ಅಂಗಡಿ ಮೇಲಿನ ಮಹಡಿ ನೋಡಿ ಬಂದೆ, ಬರುವ ತಿಂಗಳಿಂದ ಕೊಡುತ್ತಾರೆ ಎಂದಳು.

"ಯಾಕೆ? ಬ್ರೌನ್ ಅವ್ರು ಇರಿ ಅಂದ್ರಲ್ಲ," ಎಂದರು ನಾಗರಾಜು. "ಅದು ಎರಡೇ ರೂಮು ಸರೋಜ. ನಂಗೆ ಆಸ್ಪತ್ರೆಗೆ ಎರಡು ಬಸ್ಸು ಹಿಡೀಬೇಕು."

"ಹಿಡೀರಿ."

"ಇಷ್ಟೆಲ್ಲ ಆಗಿ ನಮ್ದೇ ಸರಿ ಅಂತ ಆದ್ಮೇಲೆ ಬಿಟ್ಟು ಹೋಗೋದಾ?"

"ನಿಮ್ದು ಸರಿ ಅಂತ ಆಯ್ತು," ಎಂದಳು ಸರೋಜ. ನಾಗರಾಜು ತಟ್ಟೆ ನೋಡಿದರು. ಯಜಮಾನರು ನಡುವೆ ಏನೋ ಹೇಳಲು ಬಾಯಿ ತೆರೆದರು, ನಾನು ಅವರ ತಟ್ಟೆಗೆ ಅನ್ನ ಬಡಿಸಿದೆ.

ನಾವು ಊರಿಗೆ ಹೊರಡುವ ಮೊದಲೇ ಮನೆ ಬದಲಾಯಿತು. ಖಾಲಿ ಮಾಡುವ ದಿನ ನಾನೂ ಅವಳೂ ಅಡಿಗೆಮನೆಯ ಸೂರು, ಗೋಡೆ, ಒಲೆಯ ಹಿಂದಿನ ಹಂಚು, ಎಲ್ಲ ಉಜ್ಜಿ ತೊಳೆದೆವು. ಏಳುತ್ತಿದ್ದ ಗೋಡೆ ಕಾಗದವನ್ನು ಹಾಗೆಯೇ ಬಿಟ್ಟೆವು. ಅದು ಏಳುತ್ತಿದ್ದದ್ದು ಒಲೆಯ ಹತ್ತಿರ ಅಲ್ಲ, ಹೊರಗಿನ ಮಳೆಕೊಳವೆ ಹಾದುಹೋಗುವ ಗೋಡೆಯಲ್ಲಿ.

ಬ್ರೌನ್ ಅವರು ಬೀಗದ ಕೈ ಇಸಿದುಕೊಳ್ಳಲು ಬಂದರು. ಅವರ ಮುಖದಲ್ಲಿ ನಿಜವಾದ ಬೇಸರ ಇತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಸರೋಜನನ್ನು ಕೇಳಿದರು: "ಯಾಕೆ ಹೋಗುತ್ತಿದ್ದೀರಿ? ನನ್ನ ತಪ್ಪು ಎಂದು ನಾನು ಕ್ಷಮೆ ಕೇಳಿದೆನಲ್ಲ."

ಸರೋಜ ಒದ್ದೆ ಕೈ ಒರೆಸಿಕೊಂಡಳು. ಅವಳ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿದೆ, ಆದರೆ ಆವರೆಗೆ ಅವರೊಡನೆ ಗುಡ್ ಮಾರ್ನಿಂಗ್ ದಾಟಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಕೇಳಿದ್ದು ನನ್ನ ಗಂಡನನ್ನ," ಎಂದಳು. "ಅಡಿಗೆ ಮಾಡುತ್ತಿದ್ದವಳು ನಾನು."

ಬೀಗದ ಕೈಯನ್ನು ಅವರ ಅಂಗೈಯಲ್ಲಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ನಡೆದಳು. ಬ್ರೌನ್ ಅವರು ಬೀಗದ ಕೈ ಹಿಡಿದು ಅಲ್ಲೇ ನಿಂತಿದ್ದರು. ನಾಗರಾಜು ಒಮ್ಮೆ ಹಿಂತಿರುಗಿ ನೋಡಿ, ರಾಗಿಯ ಖಾಲಿ ಡಬ್ಬಿ ಎತ್ತಿಕೊಂಡು ಹೆಂಡತಿಯ ಹಿಂದೆ ಹೋದರು.